ಬೆಳ್ಳಿ ಅಜ್ಜನ ಜಮಖಂಡಿ ಮುಕ್ಕಾಮು

ನಮ್ಮ ಓಣಿಯಲ್ಲಿ ಯುದ್ಧವನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು “ಮೇಜರ್ ಸಾಹೇಬರ ಮನಿ ಎಲ್ಲೈತ್ರಿ?” ಎಂದು ಯಾರನ್ನು ಕೇಳಿದರೂ ನಮ್ಮ ಓಣಿಯ ಕಡೆಗೇ ಕೈ ತೋರಿಸುತ್ತಾರೆ. ಈ ಮೇಜರ್ ಸಾಹೇಬರು ಬೇರೆ ಯಾರೂ ಅಲ್ಲ, ನನ್ನ ಮಗ್ಗುಲ ಮನೆಯ ದತ್ತೋಪಂತರು. ಇಡೀ ನೌಕರಿಯನ್ನು ವಿಮೆಯ ಕಚೇರಿಯಲ್ಲಿ ಕುಳಿತು ಮುಗಿಸಿದವರು. ಹರೆಯದಲ್ಲಿ ಒಮ್ಮೆ ಸೈನ್ಯದ ಭರ್ತಿಗೆಂದು ಬೆಳಗಾವಿಗೆ ಹೋಗಿದ್ದು ನಿಜ. ಅಲ್ಲಿ ಎದೆಯ ಸುತ್ತ ಟೇಪು ಹಿಡಿದ ಹವಾಲ್ದಾರ “ಉಸಿರು ತುಂಬು” ಎಂದನಂತೆ. ಇವರು ತುಂಬಿದರು. ಹವಾಲ್ದಾರ ಸ್ವಲ್ಪ ಹೊತ್ತು ಕಾದು, “ಹೂಂ, ಇನ್ನ ತುಂಬು” ಎಂದ. “ತುಂಬೀನ್ರಿ” ಎಂದರು ದತ್ತೋಪಂತರು. ಅಲ್ಲಿಗೆ ಅವರ ಸೈನಿಕ ಜೀವನ ಸಮಾಪ್ತಿಯಾಯಿತು.

ಆದರೆ ಸೈನ್ಯ ಅವರನ್ನು ಬಿಟ್ಟರೂ ಅವರು ಸೈನ್ಯವನ್ನು ಬಿಡಲಿಲ್ಲ. ಪುಣೆ, ಕೊಲ್ಹಾಪುರ, ಸಾಂಗಲಿ ಎಲ್ಲಿ ಹೋದರೂ ರದ್ದಿ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು, ದೇವಸ್ಥಾನ ಹೊಕ್ಕವರಂತೆ ಒಳಗೆ ಹೋಗುತ್ತಿದ್ದರು. ಹೊರಗೆ ಬರುವಾಗ ಬಗಲಲ್ಲಿ ಹಳೆಯ ಯುದ್ಧದ ಪುಸ್ತಕಗಳು. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಮೊದಲ ಅಧ್ಯಾಯವಿಲ್ಲ. ಒಂದು ಪುಸ್ತಕದಲ್ಲಂತೂ ಕೊನೆಯ ಪುಟಗಳೇ ಇರದೆ, ಆ ಯುದ್ಧವನ್ನು ಯಾರು ಗೆದ್ದರೆಂಬುದು ಅವರಿಗೆ ಬಹುಕಾಲ ತಿಳಿದಿರಲಿಲ್ಲ. ಪುಸ್ತಕಗಳ ಬೆನ್ನಿಗೆ ನೀರಿನ ಡಬ್ಬಿ, ತಾಮ್ರದ ಗುಂಡಿ, ತುಕ್ಕು ಹಿಡಿದ ದುರ್ಬೀನು ಬಂದವು. ಗುಂಡು ತೂರಿ ಹೋದ ಒಂದು ಹೆಲ್ಮೆಟ್ಟೂ ಬಂತು. ಅದರಲ್ಲಿ ಅವರ ಹೆಂಡತಿ ಶುಭದಾಬಾಯಿ ಕೊತ್ತಂಬರಿ ಬೆಳೆದರು. ಆ ತೂತಿನಿಂದ ಹೆಚ್ಚಾದ ನೀರು ಹರಿದು ಹೋಗುತ್ತಿದ್ದರಿಂದ ಕೊತ್ತಂಬರಿ ಬಹಳ ಚೆನ್ನಾಗಿ ಬಂತು.

ಇನ್ನು ಅವರ ಸೆಲ್ಯೂಟು. ಹಾಲಿನವನಿಗೆ, ಅಂಚೆಯವನಿಗೆ, ಪೂಜೆಗೆ ಹೂವು ಕೊಯ್ಯುತ್ತಿದ್ದ ನನಗೆ, ಎಲ್ಲರಿಗೂ ಸೆಲ್ಯೂಟು. ಕೈ ಹಣೆಗೆ ಹೋಗುವಾಗ ದಾರಿಯಲ್ಲಿ ಕನ್ನಡಕಕ್ಕೆ ಬಡಿದೇ ಹೋಗಬೇಕು. ಕನ್ನಡಕ ಮೂಗಿನ ಮೇಲೆ ಓರೆಯಾಗಿ ನಿಂತರೆ ಸೆಲ್ಯೂಟು ಮುಗಿಯಿತೆಂದು ನಾವು ತಿಳಿಯುತ್ತಿದ್ದೆವು.

ಬನಹಟ್ಟಿಯಲ್ಲಿ ದುರಗೇಶನೆಂಬವನ ಗುಜರಿ ಅಂಗಡಿ ಇದೆ. ಮಗ್ಗದ ಮುರುಕು ಸಾಮಾನು, ಹಳೆಯ ಹಿತ್ತಾಳೆ, ತಾಮ್ರ ಅಲ್ಲಿಗೆ ಬರುತ್ತವೆ. ಕಳೆದ ಆಷಾಢದಲ್ಲಿ ದತ್ತೋಪಂತರು ಅಲ್ಲಿ ಒಂದು ಹಿತ್ತಾಳೆಯ ಗಿಂಡಿಯನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಏನೋ ಕುಲುಕಿತು. ಬಗ್ಗಿಸಿದರೆ ಅರಿವೆಯ ಗಂಟು. ಬಿಚ್ಚಿದರೆ ಹಳದಿಯ ಹೆಂಟೆ. ಅರಿಶಿಣ, ಎಣ್ಣೆ, ಕುಂಕುಮ ತಲೆಮಾರುಗಟ್ಟಲೆ ಒಂದರ ಮೇಲೊಂದು ಕೂತು ಕಲ್ಲಾಗಿ ಹೋಗಿತ್ತು.

“ಇದೇನೋ ದುರಗೇಶ?”

“ಯಾರಿಗೆ ಗೊತ್ತ್ರಿ ಸಾಹೇಬ್ರ, ಗಿಂಡಿ ಕೂಡ ಬಂದೈತಿ. ಗಿಂಡಿ ಒಯ್ಯಾವ್ರು ಅದನ್ನೂ ಒಯ್ರಿ.”

ಮನೆಗೆ ತಂದು ಹುಣಿಸೆಹಣ್ಣಿನಲ್ಲಿ ನೆನೆಸಿದರು, ಬೂದಿಯಲ್ಲಿ ತಿಕ್ಕಿದರು. ಹೆಂಟೆಯೊಳಗಿಂದ ಬೆಳ್ಳಿಯ ಬಿಲ್ಲೆ ಹೊರಬಂತು. ಒಂದು ಮಗ್ಗುಲಿಗೆ ಇಂಗ್ಲೆಂಡಿನ ರಾಜನ ಕಿರೀಟವಿಲ್ಲದ ಬೋಳು ತಲೆ. ಇನ್ನೊಂದು ಮಗ್ಗುಲಿಗೆ ಕುದುರೆ ಏರಿದ ಸವಾರ, ಮೈಮೇಲೆ ಒಂದು ಎಳೆ ನೂಲೂ ಇಲ್ಲ. ದತ್ತೋಪಂತರು ಪುಸ್ತಕ ತೆಗೆದರು, ಚಿತ್ರ ನೋಡಿದರು, ಗೋಡೆ ಹಾರುವಂತೆ ನನ್ನನ್ನು ಕೂಗಿದರು.

“ಆಚಾರ್ರ! ಮೊದಲನೇ ಮಹಾಯುದ್ಧದ ಪದಕ! ಖರೆ ಖರೆ ಪದಕ!”

ನಾನು ಭೂತಗನ್ನಡಿ ಹಿಡಿದು ಅಂಚು ನೋಡಿದೆ. ಸಣ್ಣ ಇಂಗ್ಲಿಷ್ ಅಕ್ಷರಗಳು. “ಸಿಪಾಯಿ ಅಮಸಿದ್ದ” ಎಂಬಷ್ಟು ಓದಲು ಬಂತು. ಮುಂದಿನದು ಸವೆದು ನುಣ್ಣಗಾಗಿತ್ತು. ಪಲ್ಟನ್ನಿನ ಹೆಸರು ಮತ್ತೆ ಸ್ಪಷ್ಟವಾಗಿತ್ತು. ಸತ್ಯ ಹೇಳುತ್ತೇನೆ, ಅದನ್ನು ಅಂಗೈಯಲ್ಲಿ ಹಿಡಿದಾಗ ನನ್ನ ಮೈ ಜುಮ್ಮೆಂದಿತು.

ಶುಭದಾಬಾಯಿ ಮಾತ್ರ ಕುದುರೆಯವನನ್ನು ನೋಡಿದ ಕೂಡಲೇ ಮುಖ ತಿರುಗಿಸಿದರು. “ಇಶ್ಶಿ! ಹತ್ತು ಮಂದಿ ಬಂದುಹೋಗೋ ಮನಿ. ಆ ಬತ್ತಲಿಯವನ್ನ ಗ್ವಾಡಿ ಕಡೆ ಮಾಡಿ ಇಡ್ರಿ.” ಹೀಗಾಗಿ ದತ್ತೋಪಂತರು ಕೆಂಪು ಮಖಮಲ್ಲಿನ ಪೆಟ್ಟಿಗೆ ಮಾಡಿಸಿ, ರಾಜನ ತಲೆಯನ್ನು ಮುಂದೆ ಮಾಡಿ, ಸವಾರನನ್ನು ಹಿಂದೆ ಮಾಡಿ, ಅಂಚು ಮಖಮಲ್ಲಿನೊಳಗೆ ಹುದುಗುವಂತೆ ಕೂಡಿಸಿದರು. ಮರ್ಯಾದಸ್ಥ ಹೆಂಗಸಿನ ಈ ಒಂದು ಮಾತಿನಿಂದ ಮುಂದೆ ಎಂಥ ಅನಾಹುತವಾಯಿತೆಂಬುದನ್ನು ಈಗ ಹೇಳುತ್ತೇನೆ.

ಸ್ವಾತಂತ್ರ್ಯೋತ್ಸವಕ್ಕೆ ಊರ ವಾಚನಾಲಯದಲ್ಲಿ ಪ್ರದರ್ಶನ. ದತ್ತೋಪಂತರ ಸಂಗ್ರಹವೂ ಅಲ್ಲಿ ಒಂದು ಮೇಜನ್ನು ಆಕ್ರಮಿಸಿತ್ತು. ಉಪಾಹಾರಕ್ಕೆ ಅವಲಕ್ಕಿ ಚೂಡಾ. ದತ್ತೋಪಂತರು ದೊಡ್ಡದೊಂದು ಮುಕ್ಕು ಬಾಯಿಗೆ ಹಾಕಿಕೊಂಡ ಗಳಿಗೆಯಲ್ಲೇ ಸ್ಥಳೀಯ ಪತ್ರಿಕೆಯವನು ಬಂದು, “ಈ ಪದಕ ನಿಮ್ಮ ಅಜ್ಜಾರದೇನ್ರಿ?” ಎಂದ. ತುಂಬಿದ ಬಾಯಿಂದ ಮಾತು ಹೊರಡಲಿಲ್ಲ. ಚೂಡಾದೊಳಗಿನ ಮೆಣಸಿನಕಾಯಿ ಗಂಟಲಿಗೆ ಹತ್ತಿತು. ತಲೆ ಮೇಲೆ ಕೆಳಗೆ ಆಯಿತು, ಕಣ್ಣಲ್ಲಿ ನೀರು ಬಂತು. ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ. ಕೆಳಗೆ, “ವೀರ ಅಜ್ಜನನ್ನು ನೆನೆದು ಗದ್ಗದಿತರಾದ ಮೊಮ್ಮಗ.”

ದತ್ತೋಪಂತರ ಅಜ್ಜ ಬಾಳಂಭಟ್ಟರು ಸಂಸ್ಥಾನದ ಕಾಲದಲ್ಲಿ ಅರಮನೆಯ ಅಡಿಗೆಮನೆಯಲ್ಲಿ ಶ್ರೀಖಂಡ ತಿರುವುತ್ತಿದ್ದರು. ಅವರ ಕೈಯಲ್ಲಿ ಸೌಟಲ್ಲದೆ ಬೇರೆ ಆಯುಧವನ್ನು ಯಾರೂ ಕಂಡಿರಲಿಲ್ಲ. ದತ್ತೋಪಂತರು ತಿದ್ದುಪಡಿ ಕೊಡಲು ಹೊರಟಿದ್ದರು. ಆದರೆ ಮನೆಯಿಂದ ಹೊರಗೆ ಕಾಲಿಡುವಷ್ಟರಲ್ಲಿ ಹಾಲಿನವನೇ ಅವರಿಗೆ ಸೆಲ್ಯೂಟು ಹೊಡೆದ. ಔಷಧದ ಅಂಗಡಿಯವನು ಎದ್ದು ನಿಂತು ಕುರ್ಚಿ ಕೊಟ್ಟ. ಇವರು ಆ ಕುರ್ಚಿಯಲ್ಲಿ ಕೂತರು. ತಿದ್ದುಪಡಿ ಅಲ್ಲಿಯೇ ಕೂತುಬಿಟ್ಟಿತು.

“ದತ್ತೋಪಂತ, ಅಂಚಿನ ಮ್ಯಾಲೆ ಬ್ಯಾರೆ ಹೆಸರದಲ್ಲೋ?” ಎಂದೆ.

“ಅಂಚು ಮಖಮಲ್ಲಿನೊಳಗ ಹೋಗೇದ, ಆಚಾರ್ರ,” ಎಂದರು.

ಇದಾದ ವಾರದಲ್ಲೇ ಮುಧೋಳದಿಂದ ಅವರ ಚಿಕ್ಕಪ್ಪನ ಮಗ ವಿಶ್ವಾಸ ಪತ್ರಿಕೆ ಹಿಡಿದು ಬಂದಿಳಿದ.

“ದತ್ತೂ, ಅಜ್ಜ ನಿನಗೊಬ್ಬನಿಗೇ ಅಜ್ಜ ಆಗಿದ್ದನೇನು? ಆ ಬೆಳ್ಳಿಯೊಳಗ ಅರ್ಧ ಪಾಲು ನಮ್ಮದು!”

“ಅರೇ ವಿಶ್ವಾಸ, ಅದು ಅಜ್ಜಂದು ಅಲ್ಲೋ…”

“ಯಾಕಲ್ಲ? ನಂಗೆಲ್ಲಾ ನೆನಪದ! ಅಜ್ಜನ ಕಾಲಿನ ಮ್ಯಾಲೆ ಗುಂಡಿನ ಗಾಯ ಇತ್ತು. ಚಳಿಗಾಲದಾಗ ಕುಂಟತಿದ್ದ. ಊಟಕ್ಕ ಕೂತಾಗ ‘ಬಸರಾ ಯುದ್ಧದಾಗ ಇಂಥಾ ಸಾರು ಸಿಗತಿದ್ದಿಲ್ಲ’ ಅಂತಿದ್ದ. ನನ್ನ ಕಿವಿಲೇ ಕೇಳೀನಿ!”

ಸುಳ್ಳಿಗೆ ಸಾಕ್ಷಿ ಸಿಕ್ಕಿದ್ದನ್ನು ನೋಡಿ ದತ್ತೋಪಂತರು ಬೆರಗಾದರು. ಮೂರನೆಯ ಕಪ್ ಚಹಾ ಆಗುವ ಹೊತ್ತಿಗೆ ಅವರಿಗೂ ಅಜ್ಜ ಕುಂಟುತ್ತಿದ್ದದ್ದು ನೆನಪಾಗತೊಡಗಿತು. ಕೊನೆಗೆ ಪದಕ ಆರು ತಿಂಗಳು ಜಮಖಂಡಿಯಲ್ಲಿ, ಆರು ತಿಂಗಳು ಮುಧೋಳದಲ್ಲಿ ಎಂದು ತೀರ್ಮಾನವಾಯಿತು. ಶುಭದಾಬಾಯಿ ಅಡಿಗೆಮನೆಯಿಂದಲೇ, “ಶ್ರೀಖಂಡದ ಕಡಾಯಿ ಕಾಲ ಮ್ಯಾಲ ಬಿದ್ದದ್ದು ಯಾವ ಯುದ್ಧದಾಗಂತ, ಕೇಳ್ರಿ” ಎಂದರು. ಗಂಡಸರು ಕೇಳಿಸಿಕೊಳ್ಳಲಿಲ್ಲ.

ನಮ್ಮ ವಾರ್ಡಿನ ಸದಸ್ಯ ಗೌರೀಶ ಉತ್ಸಾಹಿ ಮನುಷ್ಯ. ಓಣಿಯ ಮೂಲೆಯಲ್ಲಿ ಮೂರು ದಾರಿ ಕೂಡುವ ಜಾಗಕ್ಕೆ ಹೆಸರಿಲ್ಲವೆಂದು ಬಹಳ ದಿನದಿಂದ ಕೊರಗುತ್ತಿದ್ದ. ತುಳಸಿ ಲಗ್ನ ಮುಗಿದ ಮೇಲೆ ಒಂದು ಮುಂಜಾನೆ ‘ವೀರಯೋಧ ಬಾಳಂಭಟ್ಟ ಚೌಕ’ ಎಂಬ ಫಲಕ ದತ್ತೋಪಂತರ ಪಡಸಾಲೆಗೆ ಬಂದು ಗೋಡೆಗೆ ಒರಗಿತು. ಮೆರವಣಿಗೆಯಲ್ಲಿ ಪದಕವನ್ನು ಒಯ್ಯುವುದು, ಫಲಕ ನಿಲ್ಲಿಸುವುದು ಎಂದು ನಿಶ್ಚಯವಾಯಿತು. ವಿಶ್ವಾಸ ಕೆಂಪು ಪೇಟ ಸುತ್ತಿಕೊಂಡು ಬಂದಿದ್ದ. ನಾನು ಮಂತ್ರಾಕ್ಷತೆ ಹಿಡಿದು ಕುಳಿತಿದ್ದೆ.

ಅಷ್ಟರಲ್ಲಿ ಓಣಿಯಲ್ಲಿ ಡೊಳ್ಳಿನ ಸದ್ದು.

“ಬಂದ್ರು ನೋಡ್ರಿ!” ಎಂದು ಗೌರೀಶ ಎದ್ದ. “ನಾ ಬ್ಯಾಂಡ್ ಹೇಳಿದ್ದೆ, ಡೊಳ್ಳು ಕಳಿಸ್ಯಾರ. ಇರ್ಲಿ, ಡೊಳ್ಳು ಇನ್ನೂ ಛಲೋ.”

ಟೆಂಪೋದಿಂದ ಹೆಗಲ ಮೇಲೆ ಕಂಬಳಿ ಹೊದ್ದ ಗಂಡಸರು, ಬುಟ್ಟಿ ಹೊತ್ತ ಹೆಂಗಸರು ಇಳಿದರು. ಮುಂದೆ ಒಬ್ಬ ಮುದುಕಿ. ಸೊಂಟದಲ್ಲಿ ಭಂಡಾರದ, ಅಂದರೆ ದೇವರ ಅರಿಶಿಣದ, ಚೀಲ. ಗೌರೀಶ ಹೋಗಿ ಅವಳ ಕೊರಳಿಗೆ ಮಾಲೆ ಹಾಕಿದ. ಅವಳು ಅದನ್ನು ತೆಗೆದು, “ನನಗ್ಯಾಕಪಾ? ನಮ್ಮ ಅಜ್ಜಗ ಹಾಕು. ಎಲ್ಲಿ ಅದಾನ?” ಎಂದಳು.

“ಯಾರವ್ವಾ?”

“ನಮ್ಮ ಹಿರೇರು. ಈ ಮನ್ಯಾಗ ಅದಾನಂತ. ಕರಕೊಂಡು ಹೋಗಾಕ ಬಂದೇವಿ.”

ಗೌರೀಶ ಪಡಸಾಲೆಯನ್ನೆಲ್ಲ ನೋಡಿ, “ಹಿರೇರು ಅಂದ್ರ ಇಲ್ಲಿ ಈ ಆಚಾರ್ರು ಒಬ್ರ” ಎಂದು ನನ್ನನ್ನು ತೋರಿಸಿದ. ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇವರಲ್ಲ” ಎಂದಳು.

ಅವಳ ಮೊಮ್ಮಗ ಸುಭಾಷ್ ಮುಂದೆ ಬಂದು ಬಿಡಿಸಿ ಹೇಳಿದ. ಅವರದು ಗಲಗಲಿಯ ಹತ್ತಿರದ ಹೊಳೆದಂಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಹೊರಟಾಗ, ದೇವರಮನೆಯ ಜಗಲಿಯ ಮೇಲಿನ ದೇವರನ್ನೆಲ್ಲ ಕಟ್ಟಿದರು. ಬೆಳ್ಳಿಯ ಅಜ್ಜನನ್ನು ಜೋಪಾನವಿರಲೆಂದು ಹಿತ್ತಾಳೆಯ ಗಿಂಡಿಯಲ್ಲಿಟ್ಟರು. ಗಡಿಬಿಡಿಯಲ್ಲಿ ಗಿಂಡಿ ಗುಜರಿಗೆ ಹೋಯಿತು. ಹುಡುಕುತ್ತ ಹುಡುಕುತ್ತ ದುರಗೇಶನ ಅಂಗಡಿಗೆ ಬಂದರೆ, “ಜಮಖಂಡಿ ಮೇಜರ್ ಸಾಹೇಬ್ರು ಒಯ್ದಾರ” ಎಂದನಂತೆ.

“ಬರೋ ಸ್ವಾಮಾರ ಇವನ ಮದವಿ ಐತ್ರಿ,” ಎಂದಳು ಮುದುಕಿ. ಅವಳ ಹೆಸರು ಕಸ್ತೂರೆವ್ವ. “ಮೊದಲ ಅರಿಷಿಣ ಅಜ್ಜಗ ಏರಬೇಕು, ಆಮ್ಯಾಲ ಮದಮಗಗ. ಅಜ್ಜ ಇಲ್ದ ಅರಿಷಿಣ ಅರೆಯಂಗಿಲ್ಲ.” ಆಮೇಲೆ ದತ್ತೋಪಂತರ ಕಡೆ ತಿರುಗಿ ಬೀಗರ ಮನೆಯವರನ್ನು ಕೇಳುವ ದನಿಯಲ್ಲಿ ಕೇಳಿದಳು. “ಇಷ್ಟ ದಿನ ಇಟಗೊಂಡೀರಿ, ಪುಣ್ಯಾ ಬರಲಿ. ಅಮಾಸಿಗೆ ಎಡಿ ಹಿಡದಿರೇನ್ರಿ? ಏನ ಉಣಿಸಿದ್ರಿ?”

“ಹುಣಸಿಹಣ್ಣು,” ಎಂದರು ದತ್ತೋಪಂತರು. ಬಾಯಿ ತಪ್ಪಿ ಬಂತು.

“ಬರೇ ಹುಣಸಿಹಣ್ಣ?” ಎಂದು ಕಸ್ತೂರೆವ್ವ ಕಂಗಾಲಾದಳು. “ಅವಗ ಹಾಲು, ಹೋಳಿಗಿ ಬೇಕ್ರೀ!” ಬುಟ್ಟಿ ಹೊತ್ತವರು ಅರಿವೆ ಸರಿಸಿ ಹೋಳಿಗೆ ತೋರಿಸಿದರು. ಅಜ್ಜನನ್ನು ಇಟ್ಟುಕೊಂಡ ಮನೆಗೆಂದು ಧೋತರ, ಕುಪ್ಪಸದ ಖಣವೂ ಇದ್ದವು. ಅಜ್ಜ ಪರರ ಮನೆಯಲ್ಲಿ ಉಂಡುಬಂದಿದ್ದಾನೆ, ಬರಿಗೈಯಲ್ಲಿ ಕರೆದೊಯ್ಯುವುದುಂಟೇ?

“ತೋರಿಸ್ರಿ ಅವರಿಗೆ,” ಎಂದರು ಶುಭದಾಬಾಯಿ, ಬಾಗಿಲಲ್ಲಿ ನಿಂತು.

ದತ್ತೋಪಂತರು ಮಖಮಲ್ಲಿನ ಪೆಟ್ಟಿಗೆ ತಂದರು. ಕಸ್ತೂರೆವ್ವ ಬಗ್ಗಿ ನೋಡಿದಳು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದಳು.

“ಇಂವ ಯಾಂವ? ಬೋಳ ತಲಿ ಸಾಹೇಬ! ನಮ್ಮ ಅಜ್ಜ ಹಳದಿ ಬಣ್ಣದಾಂವ. ಕುದರಿ ಮ್ಯಾಲ ಕುಂತಾನ. ಇಂವಗ ಕುದರಿ ಎಲ್ಲೈತಿ?”

ಪಡಸಾಲೆಯಲ್ಲಿ ಎಲ್ಲರಿಗೂ ಉಸಿರು ಬಂತು. ವಿಶ್ವಾಸ ಪೇಟ ಸರಿಮಾಡಿಕೊಂಡು, “ನಾ ಹೇಳಲಿಲ್ಲೇನು? ಇದು ನಮ್ಮ ಅಜ್ಜಂದು!” ಎಂದ. ಗೌರೀಶ, “ಏನೋ ತಪ್ಪು ತಿಳುವಳಿಕಿ ಆಗೈತಿ ಅವ್ವಾ. ಬಂದದ್ದು ಬಂದೀರಿ, ಮೆರವಣಿಗಿಗೆ ಡೊಳ್ಳು ಬಾರಿಸಿ, ಊಟಾ ಮಾಡಿ ಹೋಗ್ರಿ” ಎಂದ.

ಸುಭಾಷ್ ಅಜ್ಜಿಯ ತೋಳು ಹಿಡಿದು, “ಇರ್ಲಿ ಬಾ ಆಯಿ, ಅಕ್ಕಸಾಲಿಗನ ಕಡೆ ಹೊಸಾದು ಮಾಡಿಸೂಣು” ಎಂದ.

“ಹೊಸಾ ಅಜ್ಜನ್ನ ಮಾಡಿಸಾಕ ಬರ್ತೈತೇನಲೇ?” ಎಂದಳು ಕಸ್ತೂರೆವ್ವ. ಜೋರಾಗಿ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನಡೆದಳು.

ನನ್ನ ಮನೆಯವಳು ತೀರಿಹೋಗಿ ಆಗಿನ್ನೂ ವರ್ಷಾಂತಿಕವೂ ಆಗಿರಲಿಲ್ಲ. ನಾನು ಕೈಯೊಳಗಿನ ಅಕ್ಷತೆಯನ್ನು ನೋಡುತ್ತ ಕುಳಿತೆ.

ತಲೆ ಎತ್ತಿದಾಗ ದತ್ತೋಪಂತರು ಕಂಡರು. ಹರೆಯದಲ್ಲಿ ಬೆಳಗಾವಿಯಲ್ಲಿ ತುಂಬಲಾಗದ ಉಸಿರನ್ನು ಈಗ ತುಂಬಿಕೊಂಡು ನಿಂತಿದ್ದರು. ಎದೆ ನಾಲ್ಕು ಬೆರಳು ಉಬ್ಬಿತ್ತು. ಆ ಹವಾಲ್ದಾರ ಇದ್ದಿದ್ದರೆ ಅಲ್ಲಿಯೇ ಭರ್ತಿ ಮಾಡಿಕೊಳ್ಳುತ್ತಿದ್ದ. ಬಾಯಿ ಮುಚ್ಚಿಕೊಂಡು ಇನ್ನೊಂದು ಗಳಿಗೆ ನಿಂತಿದ್ದರೆ ಪದಕ ಅವರದು, ಚೌಕ ಅವರದು, ಊರೆಲ್ಲ ಹೊಡೆಯುವ ಸೆಲ್ಯೂಟು ಅವರದು.

“ನಿಲ್ರಿ ಅವ್ವಾ!”

ಮಖಮಲ್ಲನ್ನು ಉಗುರಿನಿಂದ ಕಿತ್ತು, ಬಿಲ್ಲೆಯನ್ನು ತೆಗೆದು, ತಿರುಗಿಸಿ ಅವಳ ಮುಂದೆ ಹಿಡಿದರು.

“ಕುದರಿ ಈ ಮಗ್ಗಲಿಗೆ ಅದರೀ.”

ಕಸ್ತೂರೆವ್ವ ನೋಡಿದಳು. ಚಿಟ್ಟನೆ ಚೀರಿದಳು. ನಾವೆಲ್ಲ ಬೆಚ್ಚಿಬಿದ್ದೆವು.

“ಅಯ್ಯಯ್ಯ! ಅಜ್ಜನ ಬಟ್ಟಿ ಎಲ್ಲಿ? ಅಜ್ಜನ ಬಟ್ಟಿ ಕಳದೀರಲ್ಲೋ ನನ್ನಪ್ಪಾ!”

ತಟ್ಟನೆ ಬಿಲ್ಲೆಯನ್ನು ಕಸಿದು ಸೆರಗಿನಲ್ಲಿ ಮುಚ್ಚಿದಳು. ಗಂಡಸರೆಲ್ಲ ಅತ್ತ ಮುಖ ಮಾಡಬೇಕೆಂದು ಹೇಳಿದಳು. ವಾರ್ಡ್ ಸದಸ್ಯ ಗೌರೀಶ, ಪೇಟ ಸುತ್ತಿದ ವಿಶ್ವಾಸ, ನಾನು, ಡೊಳ್ಳಿನವರು, ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ನಿಂತೆವು. ನನ್ನ ಮುಖದ ಎದುರಿಗೆ ‘ವೀರಯೋಧ ಬಾಳಂಭಟ್ಟ ಚೌಕ’ ಇತ್ತು. ಹಿಂದಿನಿಂದ ದತ್ತೋಪಂತರ ದನಿ ಕೇಳುತ್ತಿತ್ತು. ಯುದ್ಧದ ಪುಸ್ತಕಗಳು, ಅಂಚಿನ ಮೇಲಿನ ಹೆಸರು, ಹುಣಿಸೆಹಣ್ಣು, ಬೂದಿ, ಅವಲಕ್ಕಿಯ ಮುಕ್ಕು, ಯಾವುದನ್ನೂ ಬಿಡದೆ ಹೇಳಿಬಿಟ್ಟರು.

“ಹಂಗಾದ್ರ ಆ ಗುಂಡಿನ ಗಾಯ?” ಎಂದ ವಿಶ್ವಾಸ, ಗೋಡೆಯನ್ನೇ ಕೇಳುವವನಂತೆ.

“ಕಡಾಯಿ,” ಎಂದರು ಶುಭದಾಬಾಯಿ.

“ಈಗ ತಿರಗ್ರಿ,” ಎಂದಳು ಕಸ್ತೂರೆವ್ವ.

ತಿರುಗಿದೆವು. ನೆಲದ ಮೇಲೆ ಕಂಬಳಿ ಹಾಸಿತ್ತು. ಅದರ ಮೇಲೆ ಎಲೆ, ಎಲೆಯ ಮೇಲೆ ಅಜ್ಜ. ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ಹೆಬ್ಬೆರಳಿನಿಂದ ಮೆತ್ತಿ, ತುದಿಬೆರಳಿನಿಂದ ತೀಡಿದ್ದಳು. ಬತ್ತಲೆ ಸವಾರನ ತಲೆಗೆ ರುಮಾಲು ಬಂದಿತ್ತು, ಮೈಗೆ ಅಂಗಿ ಬಂದಿತ್ತು, ಹೆಗಲಿಗೆ ಕಂಬಳಿ ಸಹ ಬಂದಿತ್ತು. ನಾನು ನಿತ್ಯ ಸಾಲಿಗ್ರಾಮಕ್ಕೆ ನೀರೆರೆಯುವವನು. ಕಲ್ಲಿನಲ್ಲಿ ಹರಿಯನ್ನು ಕಾಣುವುದು ನನಗೆ ಹೊಸದಲ್ಲ. ಆದರೆ ನನ್ನ ಕಣ್ಣೆದುರಿಗೇ ಇಂಗ್ಲೆಂಡಿನ ಟಂಕಸಾಲೆಯ ಬೆಳ್ಳಿಯಿಂದ ಗಲಗಲಿ ಕಡೆಯ ಕುರುಬನೊಬ್ಬ ಎದ್ದು ಬಂದು ಕುದುರೆ ಏರಿ ಕೂತಿದ್ದ. ಕೈ ತಾನಾಗಿ ಮುಗಿಯಿತು.

“ಈ ಅಜ್ಜಾರು ಯುದ್ಧಕ್ಕ ಹೋಗಿದ್ರು ಅಂತ ನಿಮಗ ಗೊತ್ತಿದ್ದಿಲ್ಲೇನು?” ಎಂದು ಕೇಳಿದೆ.

“ನನ್ನ ಗಂಡನ ಅಜ್ಜ, ಅಮಸಿದ್ದಪ್ಪಂತ,” ಎಂದಳು. “ನೀರು ದಾಟಿ ದೂರ ದುಡಿಯಾಕ ಹೋದ. ತಿರುಗಿ ಬರಲಿಲ್ಲ. ಅವನ ಹೆಂಡ್ತಿ, ಜಗಲಿಗೆ ಅವನ ಬೆಳ್ಳಿ ಮೂರ್ತಿ ಮಾಡಿಸಬೇಕಂತ ಆಡು ಮಾರಾಕ ನಿಂತಿದ್ಳಂತ. ಅಷ್ಟರಾಗ ಸರಕಾರದವರ ಮಾಡಿಸಿ ಕಳಿಸಿದ್ರು. ‘ನನ್ನ ಗಂಡ ನಡಕೋತ ಹೋದ, ಕುದರಿ ಮ್ಯಾಲ ಮನಿಗಿ ಬಂದ’ ಅಂದ್ಳಂತ ಆಕಿ. ಅವತ್ತಿನಿಂದ ಸೊಸಿಯಂದ್ರೆಲ್ಲಾ ಹಿಂಗ ಅಂಚ ಹಿಡದು ಹಾಲಾಗ ಎರಿತೀವಿ.”

ಹೆಬ್ಬೆರಳಿನಿಂದ ಅಂಚು ಹಿಡಿದು ತೋರಿಸಿದಳು. ಹೆಸರಿನ ಅಕ್ಷರ ಸವೆದು ನುಣ್ಣಗಾದ ಜಾಗದಲ್ಲಿಯೇ ಆ ಹೆಬ್ಬೆರಳು ಕೂತಿತು. ದತ್ತೋಪಂತರು ಕನ್ನಡಕ ತೆಗೆದು ಒರೆಸಿದರು.

“ಯಪ್ಪಾ, ನೀನು ಇಷ್ಟ ಪುಸ್ತಕ ಓದೀಯಲ್ಲ. ಅಂವ ಎಲ್ಲಿ ಹೋಗಿದ್ದ, ನಿನಗೇನರ ಗೊತ್ತೈತೇನು?”

ಜೀವಮಾನದಲ್ಲಿ ಮೊದಲ ಸಲ ಒಬ್ಬರು ದತ್ತೋಪಂತರಿಗೆ ಅವರ ಪುಸ್ತಕದೊಳಗಿನ ಪ್ರಶ್ನೆ ಕೇಳಿದ್ದರು. ಅವರು ಓಡಿಹೋಗಿ ರಟ್ಟಿಲ್ಲದ ಒಂದು ಪುಸ್ತಕ ತಂದರು. ಪಲ್ಟನ್ನಿನ ಹೆಸರು ಹುಡುಕಿ, ಅವಳ ಎದುರಿಗೆ ನೆಲದ ಮೇಲೆ ಕುಳಿತು ಹೇಳಿದರು. ಮುಂಬೈಯಿಂದ ಹಡಗು. ಇರಾಕಿನ ಬಸರಾ ಬಂದರು. ಮರಳು, ಬಿಸಿಲು, ಖರ್ಜೂರದ ತೋಪು. ಒಮ್ಮೊಮ್ಮೆ ಊಟವಿಲ್ಲ, ಒಮ್ಮೊಮ್ಮೆ ನೀರಿಲ್ಲ.

“ಈ ಪುಸ್ತಕದಾಗ ಸಾಹೇಬರ ಹೆಸರೆಲ್ಲಾ ಅವ, ಅವ್ವಾ. ಸಿಪಾಯಿಗಳಿಗೆ ಬರೇ ‘ಸಿಪಾಯಿಗಳು’ ಅಂತ ಬರದಾರ. ಒಂದ ಹೆಸರೂ ಇಲ್ಲ.”

“ಇರ್ಲಿ. ಅಲ್ಲಿ ಹೊಳಿ ಇತ್ತೇನು?”

“ಇತ್ತರೀ. ದೊಡ್ಡ ಹೊಳಿ. ನಮ್ಮ ಕೃಷ್ಣಾನಂಥಾದ್ದು. ಆ ಹೊಳಿ ದಂಡಿಗುಂಟನ ಪಲ್ಟನ್ ನಡದಿತ್ತು.”

“ಹೊಳಿ ಇತ್ತಂದ್ರ ಸಾಕು,” ಎಂದಳು ಕಸ್ತೂರೆವ್ವ. “ಅವಗ ಅಷ್ಟ ಬ್ಯಾಸರ ಆಗಿರಲಿಕ್ಕಿಲ್ಲ.”

ಗೌರೀಶ ಮೆಲ್ಲಗೆ ಫಲಕವನ್ನು ತಿರುಗಿಸಿ ಗೋಡೆಯ ಕಡೆ ಮಾಡಿದ. ಆಮೇಲೆ ಅವನು ಸುಭಾಷನ ಕಿವಿಯಲ್ಲಿ, ಹೆಸರಷ್ಟೇ ಬದಲಿಸಿದರೆ ಫಲಕ ನಡೆಯುತ್ತದೆ, ‘ವೀರಯೋಧ’, ‘ಚೌಕ’ ಎರಡಕ್ಕೂ ಹೊಸ ಬಣ್ಣದ ಖರ್ಚಿಲ್ಲ ಎಂದು ಹೇಳುತ್ತಿದ್ದದ್ದು ಕೇಳಿಸಿತು. ಈಗ ನಮ್ಮ ಮೂಲೆಗೆ ಅಮಸಿದ್ದಪ್ಪನ ಹೆಸರಿದೆ. ಆ ಎರಡು ಪದದ ಬಣ್ಣ ಹಳೆಯದು, ನಡುವಿನದು ಹೊಸದು.

ಅಜ್ಜನನ್ನು ಎತ್ತುವ ಹೊತ್ತಾಯಿತು. ಧೋತರ ದತ್ತೋಪಂತರ ಕೈಗೆ ಬಂತು, ಖಣ ಶುಭದಾಬಾಯಿಯ ಉಡಿಗೆ. ವಿಶ್ವಾಸ ತಲೆಯ ಪೇಟ ಬಿಚ್ಚಿ, ಅಜ್ಜನ ಕೆಳಗೆ ಹಾಸಲು ಕೊಟ್ಟ. ಎಲ್ಲರೂ ಒಬ್ಬೊಬ್ಬರಾಗಿ ನೆಲಕ್ಕೆ ಹಣೆ ಹಚ್ಚಿದೆವು. ಕಡೆಗೆ ದತ್ತೋಪಂತರು ಬಂದರು. ಅವರು ಬಾಗಲಿಲ್ಲ. ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಸೆಲ್ಯೂಟು ಹೊಡೆದರು. ಆ ಒಂದು ದಿನ ಕೈ ಕನ್ನಡಕಕ್ಕೆ ಬಡಿಯಲಿಲ್ಲ.

“ಇದೇನ್ರಿ ಇದು?” ಎಂದು ಕಸ್ತೂರೆವ್ವ ನನ್ನನ್ನು ಕೇಳಿದಳು.

“ದಂಡಿನವರು ದಂಡಿನವರಿಗೆ ಮಾಡೋ ನಮಸ್ಕಾರರೀ.”

ಮುದುಕಿ ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟಳು. ಅಜ್ಜನನ್ನು ದತ್ತೋಪಂತರ ಕಡೆ ಮುಖ ಮಾಡಿ ಹಿಡಿದಳು.

“ಹಂಗಾದ್ರ ಇನ್ನೊಮ್ಮಿ ಮಾಡಪಾ,” ಎಂದಳು. “ಅವಗ ಹಂಗ ಮಾಡಾವ್ರು ಯಾರೂ ಸಿಕ್ಕಿದ್ದಿಲ್ಲ.”